ತೇರಿನ ಗಾಲಿ ಗುಂಡಗೆ ಕಾಣಬೇಕಾದರೆ: ಎಡಿಟಿಂಗ್, ಕಾಂಪೊಸಿಟಿಂಗ್‌ನಲ್ಲಿ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ

ಇಪ್ಪತ್ತು ವರ್ಷದ ಹಿಂದಿನ ಮದುವೆ ಕ್ಯಾಸೆಟ್ಟು, ಜಾತ್ರೆಯ ಸೀಡಿ ತಂದುಕೊಟ್ಟು "ಪೆನ್‌ಡ್ರೈವ್‌ಗೆ ಹಾಕಿಕೊಡ್ರಿ" ಎನ್ನುವ ಗಿರಾಕಿಗಳು ಹುಬ್ಬಳ್ಳಿ, ಗದಗ, ಹಾವೇರಿಯ ಸ್ಟುಡಿಯೊಗಳಿಗೆ ಈಗಲೂ ಬರುತ್ತಾರೆ. ಕೆಲಸ ಮುಗಿಸಿ ಕೊಟ್ಟ ಮೇಲೆ ಫೋನು ಬರುತ್ತದೆ: "ನಮ್ಮ ಅಪ್ಪಾರು ಇಷ್ಟು ದಪ್ಪ ಇರ್ಲಿಲ್ರೀ." ಬಣ್ಣ ಮಾಸಿದ್ದನ್ನು, ಧ್ವನಿ ಗರಗರ ಎನ್ನುವುದನ್ನು ಜನ ಸಹಿಸುತ್ತಾರೆ. ತೀರಿಹೋದವರ ಮುಖ ಅಗಲವಾಗಿ ಕಂಡರೆ ಸಹಿಸುವುದಿಲ್ಲ. ಈ ದೂರಿನ ಮೂಲ ಹೆಚ್ಚಿನ ಸಲ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊದಲ್ಲೇ ಇರುತ್ತದೆ, ಅಂದರೆ ಒಂದು ಪಿಕ್ಸೆಲ್ಲಿನ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತದಲ್ಲಿ. ಮುಂದೆ ಇದನ್ನು ಚಿಕ್ಕದಾಗಿ ಪಾರ್ ಎಂದೇ ಕರೆಯೋಣ.

ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಳ್ಳಿ. ಪಾರ್ ಎಂಬುದು ಫೈಲಿನ ಮೇಲಿನ ಚೀಟಿ, ಚಿತ್ರವಲ್ಲ. ಚೀಟಿ ತಪ್ಪಿದ್ದರೆ ಚೀಟಿಯನ್ನೇ ತಿದ್ದಬೇಕು, ಅದೂ ಒಂದೇ ಸಲ, ಕ್ಲಿಪ್ ಒಳಗೆ ಬರುವ ಜಾಗದಲ್ಲೇ. ಟೈಮ್‌ಲೈನ್‌ನಲ್ಲಿ ಅಗಲವನ್ನು ಕೈಯಿಂದ ಎಳೆದು "ಸರಿ ಕಾಣ್ತದ" ಎಂದು ಬಿಟ್ಟರೆ, ಮುಂದೆ ಯಾರೋ ಚೀಟಿಯನ್ನೂ ತಿದ್ದುತ್ತಾರೆ. ಆಗ ತಿದ್ದುಪಡಿ ಎರಡು ಸಲ ಬಿದ್ದು ಮುಖ ಊದಿಕೊಳ್ಳುತ್ತದೆ.

ಚೌಕವಲ್ಲದ ಪಿಕ್ಸೆಲ್ ಬಂದದ್ದು ಎಲ್ಲಿಂದ

ನಮ್ಮಲ್ಲಿದ್ದದ್ದು ಪಾಲ್ ಎಂಬ ಟಿವಿ ಪದ್ಧತಿ: ಸೆಕೆಂಡಿಗೆ 25 ಫ್ರೇಮು, ಚಿತ್ರಕ್ಕೆ 576 ಗೆರೆ. ಟಿವಿ ಚಿತ್ರವನ್ನು ಡಿಜಿಟಲ್ ಮಾಡುವಾಗ 13.5 ಮೆಗಾಹರ್ಟ್ಸ್ ವೇಗದಲ್ಲಿ ಸ್ಯಾಂಪಲ್ ತೆಗೆಯುವ ನಿಯಮ ಬಂತು. ಪಾಲ್‌ಗೂ ಅಮೆರಿಕದ ಎನ್‌ಟಿಎಸ್‌ಸಿಗೂ ಒಂದೇ ವೇಗ ಹೊಂದಬೇಕೆಂಬ ಲೆಕ್ಕಾಚಾರ ಅದು. ಪಾಲ್‌ನಲ್ಲಿ ಚೌಕ ಪಿಕ್ಸೆಲ್ ಬೇಕಿದ್ದರೆ 14.75 ಮೆಗಾಹರ್ಟ್ಸ್ ಬೇಕಿತ್ತು. ಸ್ಯಾಂಪಲ್ ಕಡಿಮೆಯಾದ್ದರಿಂದ ಒಂದೊಂದು ಪಿಕ್ಸೆಲ್ಲೂ ಎತ್ತರಕ್ಕಿಂತ ಸ್ವಲ್ಪ ಅಗಲವಾಯಿತು, ಸುಮಾರು 1.09. 720×576 ಚಿತ್ರವನ್ನು ಕಂಪ್ಯೂಟರಿನ ಚೌಕ ಪಿಕ್ಸೆಲ್ಲಿನಲ್ಲಿ ಹಾಗೇ ತೋರಿಸಿದರೆ ಜನ ಶೇಕಡಾ 9ರಷ್ಟು ತೆಳ್ಳಗಾಗುವುದು ಇದಕ್ಕೇ.

ಅದೇ 720×576ರಲ್ಲಿ ಅಗಲ ಪರದೆಯ 16:9 ಚಿತ್ರವನ್ನೂ ತುಂಬುತ್ತಿದ್ದರು. ಆಗ ಪಾರ್ 1.46. ಫೈಲಿನ ಗಾತ್ರ ನೋಡಿ ಎರಡರ ವ್ಯತ್ಯಾಸ ಹೇಳಲು ಸಾಧ್ಯವೇ ಇಲ್ಲ. ಅವನ್ನು ಬೇರೆ ಮಾಡುವುದು ಚೀಟಿ ಒಂದೇ.

ಆಮೇಲೆ ಬಂದ ಎಚ್‌ಡಿವಿ ಕ್ಯಾಸೆಟ್ಟಿನಲ್ಲಿ ಜಾಗ ಉಳಿಸಲು 1920ರ ಬದಲು 1440×1080 ಬರೆಯುತ್ತಿದ್ದರು, ಪಾರ್ 1.333. ಎವಿಸಿಎಚ್‌ಡಿ ಕ್ಯಾಮೆರಾಗಳ ಕಡಿಮೆ ಬಿಟ್‌ರೇಟ್ ಮೋಡ್‌ಗಳಲ್ಲೂ ಇದೇ 1440 ಸಿಗುತ್ತದೆ. ಆದ್ದರಿಂದ ಎಸ್‌ಡಿ ಕಾರ್ಡಿನಿಂದ ಬಂದ ಫೈಲೆಲ್ಲ ಚೌಕ ಪಿಕ್ಸೆಲ್ಲೇ ಎಂದು ನಂಬಬೇಡಿ. ಡಿವಿಸಿಪ್ರೊ ಎಚ್‌ಡಿಯ 720ಪಿಯಲ್ಲಿ 960×720 ಇರುತ್ತದೆ, ಅದರ ಪಾರ್ ಕೂಡ 1.333. ಪಾಲ್ ವಿಸಿಡಿಯ 352×288ಕ್ಕೆ 1.09.

1.0667 ಸರಿಯೋ 1.094 ಸರಿಯೋ

ತಲೆ ಕೆಡುವುದು ಇಲ್ಲಿ. ಒಂದು ಸಾಫ್ಟ್‌ವೇರು 1.0667 ಎನ್ನುತ್ತದೆ, ಇನ್ನೊಂದು 1.094. ಇಡೀ 720 ಪಿಕ್ಸೆಲ್ ಸೇರಿ 4:3 ಆಗುತ್ತದೆ ಎಂದುಕೊಂಡರೆ 768 ÷ 720 = 1.0667. ಆದರೆ ಪಾಲ್‌ನಲ್ಲಿ ನಿಜವಾದ ಚಿತ್ರ ಇರುವುದು ನಡುವಿನ 702 ಪಿಕ್ಸೆಲ್‌ನಲ್ಲಿ. ಎಡಕ್ಕೆ 9, ಬಲಕ್ಕೆ 9 ಹೆಚ್ಚುವರಿ ಅಂಚು. ಆ 702 ಮಾತ್ರ 4:3 ಎಂದರೆ 768 ÷ 702 = 1.094. ವಿಎಚ್‌ಎಸ್ ಕ್ಯಾಪ್ಚರ್ ತೆರೆದು ನೋಡಿದರೆ ಪಕ್ಕದಲ್ಲಿ ಸಣ್ಣ ಕರಿ ಪಟ್ಟಿ ಕಾಣುತ್ತದಲ್ಲ, ಅದು ಈ ಅಂಚೇ.

ಅಡೋಬಿಯವರು ಸಿಎಸ್4 ಆವೃತ್ತಿಯಿಂದ 1.07 ಬಿಟ್ಟು 1.09ಕ್ಕೆ ಬಂದರು. ಅಗಲ ಪರದೆಗೆ 1.42 ಇದ್ದದ್ದು 1.46 ಆಯಿತು. ಹಾಗಾಗಿ ಆಫ್ಟರ್ ಎಫೆಕ್ಟ್ಸ್‌ನ ಚೌಕ ಪಿಕ್ಸೆಲ್ ಪಾಲ್ ಪ್ರೀಸೆಟ್ ಹಿಂದೆ 768×576 ಇತ್ತು, ಈಗ 788×576. ಅಗಲ ಪರದೆಯದು 1024 ಇದ್ದದ್ದು 1050. ಹಳೆಯ ಹಾರ್ಡ್‌ಡಿಸ್ಕಿನ ಪ್ರಾಜೆಕ್ಟನ್ನು ಹೊಸ ಆವೃತ್ತಿಯಲ್ಲಿ ತೆರೆದಾಗ ಮಾಸ್ಕು, ಟೈಟಲ್ಲು ಕೂದಲೆಳೆಯಷ್ಟು ಜರುಗಿದಂತೆ ಕಂಡರೆ ಈ 20 ಪಿಕ್ಸೆಲ್ ವ್ಯತ್ಯಾಸವನ್ನು ಅನುಮಾನಿಸಿ.

ಮುಖದ ಮೇಲೆ ಶೇಕಡಾ 2.5 ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವುದು ಒಂದೇ ಟೇಪಿನ ಅರ್ಧ ಭಾಗ ಒಂದು ಲೆಕ್ಕದಲ್ಲಿ, ಉಳಿದರ್ಧ ಇನ್ನೊಂದು ಲೆಕ್ಕದಲ್ಲಿ ಇದ್ದಾಗ, ಅಥವಾ ಒಂದು ಸಾಫ್ಟ್‌ವೇರಿನಲ್ಲಿ ಕತ್ತರಿಸಿದ ಮ್ಯಾಟ್ (ಚಿತ್ರದ ಯಾವ ಭಾಗ ಕಾಣಬೇಕೆಂದು ಹೇಳುವ ಆಕಾರ) ಇನ್ನೊಂದರಲ್ಲಿ ಕೂರಿಸುವಾಗ. ಹೊಸ ಕೆಲಸಕ್ಕೆ 1.094 ಹಿಡಿಯಿರಿ, ಪಕ್ಕದ 9-9 ಪಿಕ್ಸೆಲ್ ಕತ್ತರಿಸಿ. ಪ್ರಾಜೆಕ್ಟ್ ಮುಗಿಯುವ ತನಕ ಅದನ್ನೇ ಪಾಲಿಸಿ.

ಹಂತ 1: ಕ್ಯಾಪ್ಚರ್ ಸರಿ ಇದೆಯೇ

ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗಳು ಬಾಕ್ಸಿನಿಂದ ತೆಗೆದಾಗ ಎನ್‌ಟಿಎಸ್‌ಸಿಗೆ ಸೆಟ್ ಆಗಿರುವುದುಂಟು. ಫೈಲು 720×480 ಅಥವಾ 640×480 ಬಂದಿದ್ದರೆ ಎಡಿಟಿಂಗ್‌ನಲ್ಲಿ ರಿಪೇರಿ ಮಾಡಲು ಹೋಗಬೇಡಿ. 576 ಗೆರೆಯ ಇಂಟರ್‌ಲೇಸ್ ಚಿತ್ರವನ್ನು (ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಫೀಲ್ಡ್ ಹೆಣೆದದ್ದು) 480ಕ್ಕೆ ಇಳಿಸಿದಾಗ ಎರಡು ಫೀಲ್ಡ್‌ಗಳು ಕಲಸಿಹೋಗಿರುತ್ತವೆ, ಮತ್ತೆ ಬೇರ್ಪಡಿಸಲಾಗದು. ಸೆಟ್ಟಿಂಗ್ ಪಾಲ್-ಬಿ, 720×576, 25ಕ್ಕೆ ಬದಲಿಸಿ ಟೇಪು ಮತ್ತೆ ಓಡಿಸಿ. ಮಿನಿ ಡಿವಿ ಟೇಪಾದರೆ ಸಾಧ್ಯವಿದ್ದಷ್ಟು ಫೈರ್‌ವೈರ್‌ನಲ್ಲೇ ಇಳಿಸಿಕೊಳ್ಳಿ. ಹಳದಿ-ಕೆಂಪು-ಬಿಳಿ ತಂತಿಯಲ್ಲಿ ತೆಗೆದರೆ 16:9 ಎಂಬ ಗುರುತು ದಾರಿಯಲ್ಲೇ ಉದುರಿಹೋಗುತ್ತದೆ, ಚಿತ್ರದಲ್ಲಿ ಎಲ್ಲರೂ ಕೋಲಿನಂತೆ ಉದ್ದವಾಗುತ್ತಾರೆ.

ಹಂತ 2: ಚೀಟಿ ಓದುವುದು

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರಿನಲ್ಲಿ ಫೈಲು ತೆರೆದು ಅಗಲ, ಎತ್ತರ, ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೊ (ಇಡೀ ಚಿತ್ರ ಕಾಣಬೇಕಾದ ಅನುಪಾತ), ಸ್ಕ್ಯಾನ್ ಆರ್ಡರ್ (ಯಾವ ಫೀಲ್ಡ್ ಮೊದಲು) ಈ ನಾಲ್ಕನ್ನೂ ಬರೆದುಕೊಳ್ಳಿ. ಪಾರ್ ನೇರವಾಗಿ ಕಾಣದಿದ್ದರೆ ಲೆಕ್ಕ ಸುಲಭ: ಡಿಸ್‌ಪ್ಲೇ ಅನುಪಾತವನ್ನು (ಅಗಲ ÷ ಎತ್ತರ)ದಿಂದ ಭಾಗಿಸಿ. 720 ÷ 576 = 1.25, 1.333 ÷ 1.25 = 1.0667 (ಇದು ಇಡೀ 720ರ ಲೆಕ್ಕ, ಕೆಲಸಕ್ಕೆ ಮೇಲೆ ಹೇಳಿದ 1.094 ಹಿಡಿಯಿರಿ). 1440 ÷ 1080 = 1.333, 1.778 ÷ 1.333 = 1.333.

ಚೀಟಿ ಒಂದೇ ಜಾಗದಲ್ಲಿ ಇರುವುದಿಲ್ಲ ಎಂಬುದೂ ಗೊತ್ತಿರಲಿ. ಎಚ್.264 ಸ್ಟ್ರೀಮಿನೊಳಗೆ ಒಂದು ಗುರುತು ಇರುತ್ತದೆ, ಎಂಪಿ4 ಅಥವಾ ಕ್ವಿಕ್‌ಟೈಮ್ ಡಬ್ಬಿಯ ಮೇಲೆ ಇನ್ನೊಂದು ಇರಬಹುದು. ಎರಡೂ ಬೇರೆ ಬೇರೆ ಹೇಳಿದರೆ ಒಂದು ಪ್ಲೇಯರ್ ಒಂದನ್ನು ನಂಬುತ್ತದೆ, ಇನ್ನೊಂದು ಇನ್ನೊಂದನ್ನು. "ವಿಎಲ್‌ಸಿಯಲ್ಲಿ ಸರಿ ಐತಿ, ಟಿವಿಯಾಗ ತಪ್ಪೈತಿ" ಎನ್ನುವ ದೂರಿಗೆ ಇದು ದೊಡ್ಡ ಕಾರಣ. ಹಾಗೆಯೇ ವಿಎಲ್‌ಸಿಯಲ್ಲಿ ಎ ಕೀಲಿ ಒತ್ತಿ ಅನುಪಾತ ಬದಲಿಸಿದ್ದು ಆ ಹೊತ್ತಿನ ನೋಟಕ್ಕೆ ಮಾತ್ರ, ಫೈಲಿಗೆ ತಟ್ಟುವುದಿಲ್ಲ.

ಹಂತ 3: ಚಿತ್ರದೊಳಗೆ ಒಂದು ಗುಂಡು ವಸ್ತು ಹುಡುಕುವುದು

ಚೀಟಿ ಸುಳ್ಳಾಡಬಹುದು, ಗಾಲಿ ಆಡುವುದಿಲ್ಲ. ಶಿವರಾತ್ರಿಯ ಸಿದ್ಧಾರೂಢ ಮಠದ ತೇರಿನ ವಿಡಿಯೊ ಆದರೆ ತೇರಿನ ಗಾಲಿ ಸಿಕ್ಕೇ ಸಿಗುತ್ತದೆ. ಈಚಿನದಾದರೆ ಚಿಗರಿ ಬಸ್ಸಿನ ಟೈರು, ಮದುವೆಯಾದರೆ ಗಡಿಯಾರ, ಆರತಿ ತಾಟು, ಟ್ರ್ಯಾಕ್ಟರಿನ ಹಿಂದಿನ ಚಕ್ರ. ನೆನಪಿಡಬೇಕಾದ್ದು ಎರಡು. ವಸ್ತು ಕ್ಯಾಮೆರಾಕ್ಕೆ ನೆಟ್ಟಗೆ ಎದುರಾಗಿರಬೇಕು, ಓರೆಯಾಗಿ ಕಂಡ ಗಾಲಿ ಸಹಜವಾಗಿಯೇ ಮೊಟ್ಟೆಯಾಕಾರ. ಮತ್ತು ಅದು ಫ್ರೇಮಿನ ನಡುವೆ ಇರಬೇಕು, ಏಕೆಂದರೆ ವೈಡ್ ಲೆನ್ಸು ಅಂಚಿನಲ್ಲಿರುವುದನ್ನು ಹೊರಕ್ಕೆ ಎಳೆಯುತ್ತದೆ.

ಫ್ರೇಮನ್ನು ನಿಲ್ಲಿಸಿ, ಸಾಫ್ಟ್‌ವೇರಿನ ಪಾರ್ ತಿದ್ದುಪಡಿ ಪೂರಾ ಆಫ್ ಮಾಡಿ, ಗಾಲಿಯ ಅಗಲ ಎತ್ತರ ಎರಡನ್ನೂ ಪಿಕ್ಸೆಲ್‌ನಲ್ಲಿ ಅಳೆಯಿರಿ. ಎತ್ತರ 164, ಅಗಲ 150 ಬಂದರೆ 164 ÷ 150 = 1.09, ಅಂದರೆ ಮಾಮೂಲಿ 4:3 ಪಾಲ್. ಅಗಲ 112 ಬಂದರೆ 1.46, ಅಗಲ ಪರದೆ. ಎರಡೂ ಸಮ ಬಂದರೆ ಯಾರೋ ಈಗಾಗಲೇ ಚೌಕಕ್ಕೆ ಬದಲಿಸಿದ್ದಾರೆ, ನೀವು ಮತ್ತೆ ಮುಟ್ಟಬೇಡಿ. ಹಳೆಯ ಟೈಟಲ್ಲಿನ ಸೊನ್ನೆ ಗುಂಡಗಿದೆಯೇ ಎಂದು ನೋಡಿ ಮಾತ್ರ ತೀರ್ಮಾನಿಸಬೇಡಿ. ಆ ಟೈಟಲ್ ಮಾಡಿದವರೇ ಆಗ ಚೌಕ ಪಿಕ್ಸೆಲ್‌ನಲ್ಲಿ ಮಾಡಿ ಕೂರಿಸಿರುವ ಸಂಭವ ಜಾಸ್ತಿ.

ಇನ್ನೊಂದು ಮೋಸ: ಕೆಲವು ಹ್ಯಾಂಡಿಕ್ಯಾಮ್‌ಗಳ ಸಿನಿಮಾ ಮೋಡ್‌ನಲ್ಲಿ ಮೇಲೆ ಕೆಳಗೆ ಕರಿ ಪಟ್ಟಿ ಚಿತ್ರದೊಳಗೇ ಅಚ್ಚಾಗಿರುತ್ತದೆ. ಅಗಲವಾಗಿ ಕಂಡರೂ ಅದು 4:3 ಫೈಲೇ, ಪಾರ್ 1.09. ಮೊದಲು ಹಾಗೆಂದು ಗುರುತಿಸಿ, ಆಮೇಲೆ ಪಟ್ಟಿ ಹೊರಹೋಗುವಂತೆ ಜೂಮ್ ಮಾಡಿ.

ಹಂತ 4: ಸಾಫ್ಟ್‌ವೇರಿನಲ್ಲಿ ತಿದ್ದುವುದು

ಪ್ರೀಮಿಯರ್ ಪ್ರೊದಲ್ಲಿ ಪ್ರಾಜೆಕ್ಟ್ ಪ್ಯಾನೆಲ್‌ನ ಕ್ಲಿಪ್ ಮೇಲೆ ರೈಟ್ ಕ್ಲಿಕ್, ಮಾಡಿಫೈ, ಇಂಟರ್‌ಪ್ರಿಟ್ ಫೂಟೇಜ್. ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ ಭಾಗದಲ್ಲಿ ಕನ್‌ಫಾರ್ಮ್ ಟು ಆರಿಸಿ, ಡಿ1/ಡಿವಿ ಪಾಲ್ (1.0940), ಅದರ ವೈಡ್‌ಸ್ಕ್ರೀನ್ (1.4587) ಅಥವಾ ಎಚ್‌ಡಿ ಅನಾಮಾರ್ಫಿಕ್ 1080 (1.333) ಇವುಗಳಲ್ಲಿ ನಿಮ್ಮ ಅಳತೆಗೆ ಹೊಂದುವುದನ್ನು ಕೊಡಿ. ಒಂದೇ ಟೇಪಿನ ಹತ್ತಾರು ಕ್ಲಿಪ್ ಇದ್ದರೆ ಎಲ್ಲ ಆರಿಸಿಕೊಂಡು ಒಟ್ಟಿಗೇ ಮಾಡಿ. ಮೊದಲ ಕ್ಲಿಪ್ಪನ್ನು ಖಾಲಿ ಟೈಮ್‌ಲೈನಿಗೆ ಎಳೆದು ಸೀಕ್ವೆನ್ಸ್ ಹುಟ್ಟಿಸಬೇಡಿ, ಆಗ ಸೀಕ್ವೆನ್ಸೂ 720×576, 1.094 ಆಗಿ ಕೂರುತ್ತದೆ. ಮೊದಲೇ 1920×1080, ಚೌಕ ಪಿಕ್ಸೆಲ್, 25 ಫ್ರೇಮ್ ಸೀಕ್ವೆನ್ಸ್ ಮಾಡಿಟ್ಟುಕೊಳ್ಳಿ. ಮೋಷನ್‌ನಲ್ಲಿ ಯೂನಿಫಾರ್ಮ್ ಸ್ಕೇಲ್ ಟಿಕ್ ತೆಗೆದು ಅಗಲ ಎಳೆಯುವ ಅಭ್ಯಾಸ ನಮ್ಮ ಕಡೆ ಬಹಳ. ಹಳೆ ಪ್ರಾಜೆಕ್ಟ್ ಕೈಗೆ ಬಂದರೆ ಮೊದಲು ಆ ಟಿಕ್ ನೋಡಿ.

ಎಡಿಯಸ್‌ನಲ್ಲಿ ಬಿನ್‌ನ ಕ್ಲಿಪ್ ಪ್ರಾಪರ್ಟೀಸ್, ಅದರ ವಿಡಿಯೊ ಇನ್ಫೋ ಟ್ಯಾಬ್‌ನಲ್ಲಿ ಆಸ್ಪೆಕ್ಟ್ ರೇಶಿಯೊ ಮತ್ತು ಫೀಲ್ಡ್ ಆರ್ಡರ್ ಎರಡೂ ಸಿಗುತ್ತವೆ. ಮದುವೆ ಮಿಕ್ಸಿಂಗ್ ಮಾಡುವವರಲ್ಲಿ ಬಹುಪಾಲು ಮಂದಿ ಲೇಯೌಟರ್‌ಗೆ ಓಡುತ್ತಾರೆ. ಅದು ಜಾಗ, ಗಾತ್ರಕ್ಕೆ. ಅನುಪಾತ ತಿದ್ದುವುದು ಪ್ರಾಪರ್ಟೀಸ್‌ನಲ್ಲೇ. ಡಾವಿಂಚಿ ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್, ರೈಟ್ ಕ್ಲಿಕ್, ಕ್ಲಿಪ್ ಆಟ್ರಿಬ್ಯೂಟ್ಸ್. ಜೊತೆಗೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಇಮೇಜ್ ಸ್ಕೇಲಿಂಗ್‌ನಲ್ಲಿ ಗಾತ್ರ ಹೊಂದದ ಕ್ಲಿಪ್‌ಗಳಿಗೆ "ಸ್ಟ್ರೆಚ್ ಫ್ರೇಮ್ ಟು ಆಲ್ ಕಾರ್ನರ್ಸ್" ಇದ್ದರೆ ಎಷ್ಟು ತಿದ್ದಿದರೂ ವ್ಯರ್ಥ. ಅದನ್ನು "ಸ್ಕೇಲ್ ಎಂಟೈರ್ ಇಮೇಜ್ ಟು ಫಿಟ್" ಮಾಡಿ. ಕೆಡೆನ್‌ಲೈವ್, ಶಾಟ್‌ಕಟ್ ಬಳಸುವವರಿಗೆ ಕ್ಲಿಪ್ ಪ್ರಾಪರ್ಟೀಸ್‌ನಲ್ಲೇ ಅನುಪಾತ ಬದಲಿಸುವ ಆಯ್ಕೆ ಇದೆ.

ಆಫ್ಟರ್ ಎಫೆಕ್ಟ್ಸ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಫೈಲು ಆರಿಸಿದಾಗ ಮೇಲೆ 720 × 576 (1.09) ಎಂದು ಕಾಣುತ್ತದೆ, ಆವರಣದೊಳಗಿನದೇ ಪಾರ್. ಕಂಟ್ರೋಲ್-ಆಲ್ಟ್-ಜಿ ಒತ್ತಿದರೆ ಇಂಟರ್‌ಪ್ರಿಟ್ ಫೂಟೇಜ್ ತೆರೆಯುತ್ತದೆ. ಅಲ್ಲಿ ಎರಡು ಕೆಲಸ ಒಟ್ಟಿಗೆ: ಅದರ್ ಆಪ್ಷನ್ಸ್‌ನಲ್ಲಿ ಪಾರ್, ಅದಕ್ಕೂ ಮೇಲೆ ಸಪರೇಟ್ ಫೀಲ್ಡ್ಸ್. ಡಿವಿ ಟೇಪಿಗೆ ಲೋವರ್ ಫೀಲ್ಡ್ ಫಸ್ಟ್, ಎಚ್‌ಡಿವಿ 1080ಐಗೆ ಅಪ್ಪರ್. ತಪ್ಪಾಗಿ ಕೊಟ್ಟರೆ ನಡೆಯುವವರು ಮುಂದೆ ಹೋಗಿ ಹಿಂದೆ ಬಂದಂತೆ ಅದುರುತ್ತಾರೆ. ಫೀಲ್ಡ್ ಬೇರ್ಪಡಿಸದೆ ದೊಡ್ಡದು ಮಾಡಿದರೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಚಿತ್ರದಲ್ಲೇ ಬೆಸೆದುಹೋಗುತ್ತವೆ. ಆದ್ದರಿಂದ ಮೊದಲು ಫೀಲ್ಡು, ಆಮೇಲೆ ಸ್ಕೇಲು.

ಈ ಸಾಫ್ಟ್‌ವೇರಿಗೆ ಒಂದು ಚಾಳಿ ಇದೆ: 720×576 ಇರುವ ಯಾವುದೇ ಫೈಲು ಬಂದರೂ ಅದು ಪಾಲ್ ಎಂದೇ ಊಹಿಸುತ್ತದೆ. ಫೋಟೊಶಾಪ್‌ನಲ್ಲಿ ಚೌಕ ಪಿಕ್ಸೆಲ್‌ನಲ್ಲೇ 720×576 ಬ್ಯಾನರ್ ಮಾಡಿದ್ದರೂ ಎಳೆದುಬಿಡುತ್ತದೆ. ಅಂಥದ್ದಕ್ಕೆ ಕೈಯಿಂದ ಸ್ಕ್ವೇರ್ ಪಿಕ್ಸೆಲ್ಸ್ ಕೊಡಿ.

ಕಾಂಪ್ (ಕಾಂಪೊಸಿಶನ್, ಹಲವು ಪದರ ಸೇರಿಸುವ ಫ್ರೇಮು) 1920×1080 ಚೌಕ ಇಟ್ಟು ಕ್ಲಿಪ್ ಹಾಕಿ ಸ್ಕೇಲ್ 187.5 ಕೊಡಿ, ಏಕೆಂದರೆ 576 × 1.875 = 1080. ಅಂಚು ಕತ್ತರಿಸಿದ 4:3 ಚಿತ್ರ 1440 ಅಗಲ ಬರುತ್ತದೆ, ಎರಡೂ ಪಕ್ಕ 240 ಪಿಕ್ಸೆಲ್ ಖಾಲಿ. ಅಗಲ ಪರದೆಯ ಪಾಲ್ ಆದರೆ ಇಡೀ 720 ಸೇರಿ 1969 ಪಿಕ್ಸೆಲ್ ಬಂದು, ಎರಡೂ ಕಡೆ 24ರಷ್ಟು ಹೊರಗೆ ಉಳಿಯುತ್ತದೆ. ಅದು ಆ 9-9 ಅಂಚೇ, ಹೋಗಲಿ ಬಿಡಿ. ಗಾತ್ರ ಹೊಂದಿಸಲು ಕಂಟ್ರೋಲ್-ಆಲ್ಟ್-ಎಫ್ ಒತ್ತಬೇಡಿ, ಅದು ಅನುಪಾತ ನೋಡದೆ ನಾಲ್ಕೂ ಮೂಲೆಗೆ ಎಳೆಯುತ್ತದೆ. ಎತ್ತರಕ್ಕೆ ಹೊಂದಿಸುವುದು ಕಂಟ್ರೋಲ್-ಆಲ್ಟ್-ಶಿಫ್ಟ್-ಜಿ.

ವಿಎಚ್‌ಎಸ್‌ನಲ್ಲಿ ತಳದ ಹತ್ತರಷ್ಟು ಗೆರೆಗಳಲ್ಲಿ ಹೆಡ್ ಬದಲಾಗುವ ಕಲಕು ಕಾಣುತ್ತದೆ. ಟಿವಿಯಲ್ಲಿ ಅದು ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಅದನ್ನು ಮುಚ್ಚಲು ಬೇಕಾದಷ್ಟು ಜೂಮ್ ಮಾಡಿ, ಆದರೆ ಅಗಲ ಎತ್ತರ ಎರಡೂ ಒಟ್ಟಿಗೆ.

ಪಕ್ಕದ ಖಾಲಿ ಜಾಗ ಗಿರಾಕಿಗೆ ಹಿಡಿಸುವುದಿಲ್ಲ, "ಟಿವಿ ತುಂಬ ಬರಲಿ" ಎನ್ನುತ್ತಾರೆ. ಎಳೆದು ತುಂಬಿದರೆ ಮುಖ ಶೇಕಡಾ 33 ಅಗಲ. ಮೇಲೆ ಕೆಳಗೆ ಕತ್ತರಿಸಿ ತುಂಬಿದರೆ ನಾಲ್ಕನೇ ಒಂದು ಭಾಗ ಹೋಗುತ್ತದೆ, ಹಣೆಯ ಬಾಸಿಂಗವೇ ಮೊದಲು. ಅದೇ ಚಿತ್ರವನ್ನು ಹಿಂದೆ ದೊಡ್ಡದಾಗಿ ಮಸುಕು ಮಾಡಿ ಇಡುವುದು ಒಪ್ಪುವ ದಾರಿ. ಅಥವಾ ಕರಿ ಪಟ್ಟಿಯನ್ನೇ ಬಿಟ್ಟು ಯಾಕೆಂದು ಹೇಳಿ ಕೊಡಿ. ಎರಡನೆಯದೇ ಚೆಂದ.

ಕಾಂಪೊಸಿಟಿಂಗ್‌ನಲ್ಲಿ ಎಡವುವ ಜಾಗಗಳು

ಚೌಕವಲ್ಲದ ಕಾಂಪ್‌ನಲ್ಲೇ ಕೆಲಸ ಮಾಡಬೇಕಾಗಿ ಬಂದರೆ ಕೆಳಗಿನ ಪಟ್ಟಿಯ ಟಾಗಲ್ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ ಕರೆಕ್ಷನ್ ಗುಂಡಿ ಯಾವ ಸ್ಥಿತಿಯಲ್ಲಿದೆ ನೋಡಿಕೊಳ್ಳಿ. ಅದು ಬರೀ ನೋಟ ಬದಲಿಸುತ್ತದೆ. ಆನ್ ಇದ್ದಾಗ ಅಂಚುಗಳು ಒರಟಾಗಿ ಕಂಡರೆ ಗಾಬರಿಯಾಗಬೇಕಿಲ್ಲ, ರೆಂಡರ್‌ನಲ್ಲಿ ಅದು ಇರುವುದಿಲ್ಲ. ಆಫ್ ಇಟ್ಟು ಲೋಗೊ ಗುಂಡಗೆ ಕಾಣುವಂತೆ ಕೂರಿಸಿದರೆ ಮಾತ್ರ ಕೆಟ್ಟಿತು.

ಫ್ರೇಮೊಂದನ್ನು ಹೊರತೆಗೆದು ಫೋಟೊಶಾಪ್‌ನಲ್ಲಿ ತಂತಿ, ಕಂಬ ಅಳಿಸಿ ಮತ್ತೆ ತರುವ ಕೆಲಸವಿದ್ದರೆ ಚೌಕ ಕಾಂಪ್‌ನಿಂದಲೇ ಹೊರತೆಗೆಯಿರಿ. ಹೋಗಿ ಬರುವಾಗ ಚೀಟಿ ಕಳೆದುಹೋದರೂ ನಷ್ಟವಿಲ್ಲ. ಫೋಟೊಶಾಪ್‌ನ ವ್ಯೂ ಮೆನುವಿನಲ್ಲಿ ಪಾರ್ ಸೆಟ್ಟಿಂಗ್ ಹಿಂದಿನ ಕೆಲಸದಿಂದ ಹಾಗೇ ಉಳಿದಿದೆಯೇ ಎಂದೂ ನೋಡಿ. ಕ್ಯಾಮೆರಾ ಟ್ರ್ಯಾಕಿಂಗ್ ಮಾಡುವ ಮುನ್ನ ಪಾರ್ ಸರಿ ಇರಲೇಬೇಕು. ತಪ್ಪಿದ್ದರೆ ಸಾಫ್ಟ್‌ವೇರು ಲೆನ್ಸಿನ ಫೋಕಲ್ ಲೆಂಗ್ತನ್ನೇ ತಪ್ಪು ಲೆಕ್ಕ ಹಾಕುತ್ತದೆ, ಕೂರಿಸಿದ ವಸ್ತು ಪ್ಯಾನ್ ಆದಾಗ ಜಾರುತ್ತದೆ. ಬ್ಲೆಂಡರ್‌ನಿಂದ ತಂದು ಸೇರಿಸುವುದಾದರೆ ಅದರ ಔಟ್‌ಪುಟ್ ಪ್ರಾಪರ್ಟೀಸ್‌ನ ಆಸ್ಪೆಕ್ಟ್ ಎಕ್ಸ್, ವೈ ಎರಡೂ 1 ಇರಲಿ.

ಕೈಯಿಂದ ಎಳೆಯುವುದು ನ್ಯಾಯವಾದ ಒಂದು ಸಂದರ್ಭವೂ ಇದೆ. ಪ್ರಿ-ವೆಡ್ಡಿಂಗ್ ಶೂಟ್‌ಗೆ ಮೊಬೈಲಿಗೆ, ಕ್ಯಾಮೆರಾಕ್ಕೆ ಅನಾಮಾರ್ಫಿಕ್ ಲೆನ್ಸ್ (ಚಿತ್ರವನ್ನು ಅಡ್ಡಕ್ಕೆ ಹಿಂಡಿ ಹಿಡಿಯುವ ಲೆನ್ಸು) ಹಾಕುತ್ತಾರಲ್ಲ, ಅದರ 1.33, 1.55 ಅಳತೆ ಎಲ್ಲ ಸಾಫ್ಟ್‌ವೇರಿನ ಪಟ್ಟಿಯಲ್ಲೂ ಇರುವುದಿಲ್ಲ. ಆಗ ಅಗಲ ಹಿಗ್ಗಿಸದೆ ಎತ್ತರ ಕುಗ್ಗಿಸಿ: 1.33ಕ್ಕೆ ಶೇಕಡಾ 75, 1.55ಕ್ಕೆ 64.5. 1.33 ಲೆನ್ಸಾದರೆ 3840×2160 ಇದ್ದದ್ದು 3840×1620 ಆಗುತ್ತದೆ. ಇಲ್ಲದ ಪಿಕ್ಸೆಲ್ ಸೃಷ್ಟಿಸುವ ಗೊಡವೆ ಇಲ್ಲ.

ಹಂತ 5: ಹೊರಗೆ ಕಳಿಸುವುದು

ಪೆನ್‌ಡ್ರೈವ್, ಯೂಟ್ಯೂಬ್, ವಾಟ್ಸ್‌ಆ್ಯಪ್ ಯಾವುದಕ್ಕಾದರೂ ಚೌಕ ಪಿಕ್ಸೆಲ್‌ನಲ್ಲೇ ಎಕ್ಸ್‌ಪೋರ್ಟ್ ಮಾಡಿ. ಪ್ರೀಮಿಯರ್‌ನ ಎಕ್ಸ್‌ಪೋರ್ಟ್ ವಿಂಡೊದಲ್ಲಿ ಆಸ್ಪೆಕ್ಟ್ ಎಂಬ ಸಾಲು ಸ್ಕ್ವೇರ್ ಪಿಕ್ಸೆಲ್ಸ್ (1.0) ಎಂದೇ ಇರಬೇಕು. ಹಳೆ ಪ್ರೀಸೆಟ್ ಆರಿಸಿದರೆ ಅದು ಸದ್ದಿಲ್ಲದೆ ಬದಲಾಗುತ್ತದೆ. ಡಿವಿಡಿ ಕೇಳುವವರು ಇನ್ನೂ ಇದ್ದಾರೆ. ಡಿವಿಡಿಗೆ 720×576ರಲ್ಲಿ 4:3, 16:9 ಎರಡೇ ಗುರುತು, ಎಡಿಟಿಂಗ್ ಎಕ್ಸ್‌ಪೋರ್ಟಿನಲ್ಲೂ ಆಥರಿಂಗ್ ಸಾಫ್ಟ್‌ವೇರಿನಲ್ಲೂ ಒಂದೇ ಇರಬೇಕು.

ಮೂಲ ಫೈಲಿನ ಚೀಟಿ ಮಾತ್ರ ತಪ್ಪಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಮತ್ತೆ ಎನ್‌ಕೋಡ್ ಮಾಡಿ ಗುಣಮಟ್ಟ ಕಳೆಯಬೇಡಿ. ಎಂಕೆವಿಟೂಲ್‌ನಿಕ್ಸ್‌ನಲ್ಲಿ ಡಿಸ್‌ಪ್ಲೇ ಅಗಲ ಎತ್ತರ ಬದಲಿಸಿ ಉಳಿಸಬಹುದು, ಎಫ್‌ಎಫ್‌ಎಂಪೆಗ್‌ನಲ್ಲಿ ಸ್ಟ್ರೀಮ್ ಕಾಪಿ ಮಾಡುತ್ತಲೇ ಹೊಸ ಅನುಪಾತ ಬರೆಯಬಹುದು. ಗಂಟೆಗಟ್ಟಲೆ ರೆಂಡರ್ ಬದಲು ಫೈಲು ನಕಲಾಗುವಷ್ಟೇ ಹೊತ್ತು.

ಎಲ್‌ಇಡಿ ಗೋಡೆ: ಹೊಸ ಕಾಲದ ಚೌಕವಲ್ಲದ ಪಿಕ್ಸೆಲ್

ಟೇಪಿನ ಕಾಲ ಮುಗಿದರೂ ಈ ಸಮಸ್ಯೆ ಮದುವೆ ಸ್ಟೇಜಿಗೆ, ಜಾತ್ರೆ ಮೈದಾನಕ್ಕೆ ಬಂದು ಕೂತಿದೆ. 500×500 ಮಿಲಿಮೀಟರಿನ ಪಿ3.91 ಪ್ಯಾನೆಲ್‌ನಲ್ಲಿ (ಪಿಚ್, ಅಂದರೆ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ದೂರ, 3.91 ಮಿಲಿಮೀಟರ್) 128×128 ಪಿಕ್ಸೆಲ್. ಅಡ್ಡ 8, ಉದ್ದ 5 ಜೋಡಿಸಿದರೆ ಗೋಡೆ 4 ಮೀಟರ್ × 2.5 ಮೀಟರ್, 1024×640 ಪಿಕ್ಸೆಲ್, ಅನುಪಾತ 1.6. ಪಿಕ್ಸೆಲ್ ಚೌಕವೇ, ಆದರೆ 16:9 ವಿಡಿಯೊ ಕೊಟ್ಟರೆ ಗೋಡೆಗೆ ಚಿತ್ರ ಕಳಿಸುವ ಪ್ರೊಸೆಸರ್ ಅದನ್ನು ಹಿಂಡಿ ತುಂಬಿಸುತ್ತದೆ, ವಧುವರರು ಶೇಕಡಾ 10 ತೆಳ್ಳಗೆ. ಪ್ಯಾನೆಲ್ ಎಷ್ಟು, ಪಿಚ್ ಎಷ್ಟು, ಪ್ರೊಸೆಸರ್ ಹಿಗ್ಗಿಸಿ ತೋರಿಸುತ್ತದೋ ಪಿಕ್ಸೆಲ್‌ಗೆ ಪಿಕ್ಸೆಲ್ ತೋರಿಸುತ್ತದೋ, ಈ ಮೂರನ್ನು ಗೋಡೆ ಕಟ್ಟುವವರನ್ನು ಕೇಳಿ. ಹಿಗ್ಗಿಸುವುದಾದರೆ 1024×640 ಕಾಂಪ್ ಮಾಡಿ ಅದನ್ನೇ ಇಡೀ 1920×1080 ತುಂಬ ಬೇಕೆಂತಲೇ ಎಳೆದು ಕೊಡಿ, ಗೋಡೆಯ ಮೇಲೆ ಸರಿಯಾಗುತ್ತದೆ. ಪಿಕ್ಸೆಲ್‌ಗೆ ಪಿಕ್ಸೆಲ್ ಆದರೆ 1920×1080 ಫ್ರೇಮಿನ ಎಡ ಮೇಲ್ಮೂಲೆಯಲ್ಲಿ 1024×640 ಇಟ್ಟು ಉಳಿದದ್ದನ್ನು ಕರಿ ಬಿಡಿ.

ಆರಪಾರ ಕಾಣುವ ಗಾಜಿನಂಥ ಎಲ್‌ಇಡಿಯಲ್ಲಿ ನಿಜಕ್ಕೂ ಪಿಕ್ಸೆಲ್ ಚೌಕವಲ್ಲ. ಪಿ3.91-7.82 ಎಂದರೆ ಅಡ್ಡಕ್ಕೆ 3.91 ಮಿಲಿಮೀಟರ್, ಉದ್ದಕ್ಕೆ 7.82, ಪಾರ್ 0.5. 1000×500 ಮಿಲಿಮೀಟರ್ ಪ್ಯಾನೆಲ್‌ನಲ್ಲಿ 256×64 ಪಿಕ್ಸೆಲ್ ಮಾತ್ರ. 4 ಮೀಟರ್ × 2 ಮೀಟರ್ ಗೋಡೆಗೆ 1024×256. ಇದಕ್ಕೆ 1024×512 ಚೌಕ ಕಾಂಪ್‌ನಲ್ಲಿ ಎಲ್ಲ ಕೆಲಸ ಮುಗಿಸಿ, ಕೊನೆಯ ಕಾಂಪ್‌ನಲ್ಲಿ ಎತ್ತರ ಮಾತ್ರ ಅರ್ಧ ಮಾಡಿ. ಕನ್ನಡ ಅಕ್ಷರಕ್ಕೆ ಇಲ್ಲಿ ವಿಶೇಷ ಏಟು: ತಲೆಕಟ್ಟಿನ ಅಡ್ಡಗೆರೆ ತೆಳುವಿದ್ದರೆ ಅರ್ಧವಾದಾಗ ಮಾಯವಾಗುತ್ತದೆ, ಒತ್ತಕ್ಷರ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ದಪ್ಪ ಫಾಂಟು ಹಿಡಿಯಿರಿ. 512ರ ಕಾಂಪ್‌ನಲ್ಲಿ ಅಡ್ಡಗೆರೆ ಕನಿಷ್ಠ 4 ಪಿಕ್ಸೆಲ್ ದಪ್ಪ ಇರಲಿ, ಸಾಲುಗಳ ನಡುವೆ ಮಾಮೂಲಿಗಿಂತ ಹೆಚ್ಚು ಜಾಗ ಬಿಡಿ.

ಎರಡೂ ಬಗೆಯ ಗೋಡೆಗೆ ಕಾರ್ಯಕ್ರಮದ ಫೈಲುಗಳ ಜೊತೆ ಒಂದು ಪರೀಕ್ಷಾ ಚಿತ್ರವನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿ ಕಳಿಸಿ: ನಡುವೆ ಪೂರ್ಣ ವೃತ್ತ, ನಾಲ್ಕೂ ಅಂಚಿಗೆ 2 ಪಿಕ್ಸೆಲ್ ಬಿಳಿ ಗೆರೆ, ಮೂಲೆಗಳಲ್ಲಿ 1, 2, 3, 4. ಎತ್ತರ ಅರ್ಧ ಮಾಡುವ ಗೋಡೆಯಾದರೆ ಅಂಚಿನ ಗೆರೆ 4 ಪಿಕ್ಸೆಲ್ ಇರಲಿ. ಸಂಜೆ ಜನ ಸೇರುವ ಮುಂಚೆ ಗೋಡೆಯ ಮೇಲೆ ಅದನ್ನು ಹಾಕಿಸಿ, ವೃತ್ತದ ಅಡ್ಡ ಅಳತೆಯನ್ನೂ ಉದ್ದ ಅಳತೆಯನ್ನೂ ಟೇಪು ಹಿಡಿದು ನೋಡಬೇಕು. ನಾಲ್ಕೂ ಅಂಚಿನ ಗೆರೆ ಕಂಡು ಅಳತೆ ಮಾತ್ರ ಬೇರೆಯಾದರೆ ನಿಮ್ಮ ಕಾಂಪ್‌ನ ಲೆಕ್ಕ ತಿದ್ದಿ. ಗೆರೆಯೇ ಕಾಣೆಯಾಗಿದ್ದರೆ ಪ್ರೊಸೆಸರ್ ಚಿತ್ರವನ್ನು ಕತ್ತರಿಸುತ್ತಿದೆ, ಅದನ್ನು ಆಪರೇಟರ್ ಸರಿಮಾಡಬೇಕು.